ಹೊಡೆದಾಟದ ಗೇಮ್: ಬಿಡಬೇಕೋ, ಬೇಡವೋ?

ಪ್ರಶ್ನೆ: ಒಂಬತ್ತು ವರ್ಷದ ಮಗನಿಗೆ ಸೋದರಮಾವ ಟಿ.ವಿ.ಗೆ ಚುಚ್ಚುವ ಗೇಮ್ ಸ್ಟಿಕ್ ಕೊಡಿಸಿದ್ದಾನೆ. ದಿನವೂ ಸ್ಟ್ರೀಟ್ ಫೈಟರ್, ಟೆಕ್ಕೆನ್ 3. ಬಂದ್ ಮಾಡು ಅಂದರೆ ‘ಇನ್ನೊಂದ ಮ್ಯಾಚ್ ಅವ್ವಾ’ ಅಂತಾನೆ. ತಂಗಿಗೆ ಒದೆಯುವುದೂ ಶುರುವಾಗಿದೆ. ಬುದ್ಧಿ ಚುರುಕಾಗುತ್ತದೆ ಅನ್ನುತ್ತಾನೆ ಮಾವ. ನಿಜವೇ?
– ಒಬ್ಬ ತಾಯಿ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಅರ್ಧ ನಿಜ. ಗೇಮ್ ಆಡಿದರೆ ಕಣ್ಣಿನ ಗಮನ ಹೆಚ್ಚುತ್ತದೆ ಎಂದ 2003ರ ಹೆಸರಾಂತ ಅಧ್ಯಯನ ನಡೆದದ್ದು ಗುಂಡು ಹಾರಿಸುವ ಗೇಮಿನ ಮೇಲೆ, ಅದೂ ದೊಡ್ಡವರಲ್ಲಿ. ನಿಮ್ಮ ಹುಡುಗನಿಗೆ ಅದನ್ನು ಹಾಗೇ ಅಂಟಿಸಲು ಬರುವುದಿಲ್ಲ.

ಈ ಗೇಮ್ ಕಲಿಸಬಲ್ಲದ್ದು ತಾಳ್ಮೆ. ಹೊಸಬ ಕೈಗೆ ಸಿಕ್ಕ ಬಟನ್ ಎಲ್ಲ ಕುಟ್ಟುತ್ತಾನೆ. ಸ್ಟ್ರೀಟ್ ಫೈಟರ್‌ನಲ್ಲಿ ಹಿಂದಕ್ಕೆ ಒತ್ತಿ ಹಿಡಿದರೆ ಏಟು ತಡೆಯುತ್ತದೆ. ಕಾಲಿಗೆ ಬೀಳುವ ಏಟಿಗೆ ಹಿಂದೆ-ಕೆಳಗೆ ಓರೆಯಾಗಿ ಹಿಡಿಯಬೇಕು. ಬೆಂಕಿಯುಂಡೆ ಎಸೆಯಲು ಕೆಳಗೆ, ಕೆಳಗೆ-ಮುಂದೆ, ಮುಂದೆ, ತಕ್ಷಣ ಪಂಚ್ ಬಟನ್. ತುಸು ತಡವಾದರೆ ಬರೀ ಗುದ್ದು. ಎದುರಾಳಿ ಉಂಡೆಯ ಮೇಲಿಂದ ಜಿಗಿದು ಬಂದನೋ, ಎಸೆದವನಿಗೇ ಏಟು. ಈ ಲೆಕ್ಕಾಚಾರ ಬೆಳೆಯುವುದು ಪಕ್ಕದಲ್ಲಿ ಮನುಷ್ಯ ಕೂತಾಗ. ಯಂತ್ರವನ್ನಾದರೆ ಒಂದೇ ಪಟ್ಟು ಹಾಕಿ ಎಷ್ಟೋ ಸಲ ಸೋಲಿಸಬಹುದು. ಎರಡನೇ ಕಂಟ್ರೋಲರ್ ನೀವೇ ಹಿಡಿಯಿರಿ. ಸೋತಾಗ ‘ಯಾವ ಏಟು ತಡೀಲಿಲ್ಲ?’ ಎಂದಷ್ಟೇ ಕೇಳಿ.

ಗೇಮಿನಿಂದ ಘೋರ ಹಿಂಸೆ ಹುಟ್ಟುತ್ತದೆ ಎನ್ನಲು ಸಾಕಷ್ಟು ಆಧಾರವಿಲ್ಲ, ಆದರೆ ಕೂಗಾಟ, ತಳ್ಳಾಟದೊಂದಿಗೆ ಸಣ್ಣ ನಂಟಿದೆ ಎಂದು ಅಮೆರಿಕದ ಮನೋವಿಜ್ಞಾನಿಗಳ ಸಂಘ 2020ರಲ್ಲಿ ಹೇಳಿತು. ಗರಡಿಯ ಮಣ್ಣಲ್ಲಿ ಬಿದ್ದವನಿಗೆ ನೋವು ಗೊತ್ತಾಗುತ್ತದೆ. ಪರದೆಯಲ್ಲಿ ಬಿದ್ದವನು ಮುಂದಿನ ಸುತ್ತಿಗೆ ಎದ್ದೇ ನಿಲ್ಲುತ್ತಾನೆ. ತಂಗಿಗೆ ಒದ್ದ ಕೂಡಲೇ ಆ ದಿನದ ಆಟ ಬಂದ್. ವಾರಗಟ್ಟಲೆ ಕಸಿಯಬೇಡಿ, ಯಾಕೆ ಕಸಿದಿರಿ ಎಂಬುದೇ ಮಗುವಿಗೆ ಮರೆತುಹೋಗುತ್ತದೆ.

ಗಡಿಯಾರ ನೋಡಿ ನಡುವೆಯೇ ಪ್ಲಗ್ ಕಿತ್ತರೆ ರಂಪ ಖಚಿತ. ಮೂರರಲ್ಲಿ ಎರಡು ಸುತ್ತು ಗೆಲ್ಲುವ ಮ್ಯಾಚ್ ಐದು ನಿಮಿಷ ದಾಟುವುದು ಅಪರೂಪ. ‘ಆರು ಮ್ಯಾಚ್’ ಎಂದು ಮೊದಲೇ ಮಾತಾಡಿಕೊಳ್ಳಿ. ರಾತ್ರಿ ಊಟದ ನಂತರ ಬೇಡ.

ನಮಗೆ ಹೆಚ್ಚು ಚಿಂತೆ ಆ ಸ್ಟಿಕ್‌ನದು. ಸಾವಿರಾರು ಗೇಮ್ ತುಂಬಿರುತ್ತವೆ, ವಯಸ್ಸಿನ ಗುರುತೇ ಇರುವುದಿಲ್ಲ. ಟೆಕ್ಕೆನ್ 3ಕ್ಕೆ ಅಮೆರಿಕದಲ್ಲಿ 13+ ಗುರುತಿದೆ, ಹಾಗಾಗಿ ಒಂಟಿಯಾಗಿ ಆಡಲು ಬಿಡಬೇಡಿ. 1992ರ ಮಾರ್ಟಲ್ ಕಾಂಬ್ಯಾಟ್‌ನ ರಕ್ತಪಾತದ ಗಲಾಟೆಯೇ 1994ರಲ್ಲಿ ಅಲ್ಲಿ ಈ ಗುರುತಿನ ಪದ್ಧತಿ ತಂದ ಕಾರಣಗಳಲ್ಲೊಂದು. ಮಾರ್ಟಲ್ ಕಾಂಬ್ಯಾಟ್ ಗೇಮ್ ಈ ವಯಸ್ಸಿಗೆ ಖಂಡಿತ ಬೇಡ. ಸ್ಟಿಕ್‌ನ ಮೆಮೊರಿ ಕಾರ್ಡ್ ತೆಗೆದು ಕಂಪ್ಯೂಟರಿಗೆ ಹಾಕಿ, ಮೊದಲು ಪೂರ್ತಿ ಕಾಪಿ ಇಟ್ಟುಕೊಂಡು, ಬೇಡದ ಫೈಲ್ ಅಳಿಸಿ.

ಪ್ರಶ್ನೆ: ಗೇಮ್ ಆಡಿ ಮಗಳ ಹೆಬ್ಬೆರಳ ಬುಡ ನೋಯುತ್ತಿದೆ.
– ಓದುಗರು, ಗದಗ

ಉತ್ತರ: ನೋವು ಹೋಗುವವರೆಗೆ ಆಟ ಪೂರ್ತಿ ನಿಲ್ಲಿಸಿ. ಆಮೇಲೆ ಬಟನ್ ಮೆಲ್ಲಗೆ ಒತ್ತುವುದು ರೂಢಿಯಾಗಲಿ. ಜೋರಾಗಿ ಒತ್ತಿದರೆ ಏಟೇನೂ ಹೆಚ್ಚು ಬೀಳುವುದಿಲ್ಲ. ಹೆಬ್ಬೆರಳನ್ನು ಒಳಗಿಟ್ಟು ಮುಷ್ಟಿ ಹಿಡಿದು ಮಣಿಕಟ್ಟನ್ನು ಕಿರುಬೆರಳ ಕಡೆ ಬಾಗಿಸಿದಾಗ ಚುಚ್ಚಿದಂತಾದರೆ, ಅಥವಾ ವಾರ ಕಳೆದರೂ ನೋವು ಇಳಿಯದಿದ್ದರೆ ಮೂಳೆ ವೈದ್ಯರಿಗೆ ತೋರಿಸಿ.