ಎಂಟ್ ಸೀಟಿನ ಡೈನಿಂಗ್ ಟೇಬಲ್ ಗ್ಲಾಸಿಂದು ತಗೋಬೇಕಾ, ಕಟ್ಟಿಗಿದಾ ಅಂತ ಕೇಳಿದವ್ರಿಗೆ

ಬಂದೋರಿಗೆ ಊಟದ ರೂಮು ಛಂದ ಅನ್ಸಬೇಕು, ಅದಕ್ಕ ಎಂಟ್ ಸೀಟಿನ ಟೇಬಲ್ ಗ್ಲಾಸಿಂದಾ ಕಟ್ಟಿಗಿದಾ ಅಂತ ಕೇಳೀರಿ. ಎರಡೂ ಬ್ಯಾಡ್ರಿ. ಎಂಟ್ ಸೀಟೇ ಬ್ಯಾಡ.

ಮೂರ್ ವರ್ಷದ ಹಿಂದ ಕಲಬುರಗ್ಯಾಗ ಮನಿ ಕಟ್ಟಿದಾಗ ನನ್ ತಲ್ಯಾಗೂ ಇದೇ ತುಂಬಿತ್ತು. ನಾ ಗ್ಲಾಸಿಂದೇ ತಂದೆ, 6 ಅಡಿ ಉದ್ದ, ಮೂರೂವರಿ ಅಡಿ ಅಗಲ, ಉದ್ದ ಬೆನ್ನಿನ ಎಂಟ್ ಕುರ್ಚಿ. ರೂಮು 9 ಬೈ 11. ಅಂಗಡ್ಯಾಗ ಅದು ಸಣ್ಣದೇ ಕಾಣ್ತಿತ್ತು, ಯಾಕಂದ್ರ ಅವ್ರ ಹಾಲ್ ಮದುವಿ ಮಂಟಪದಷ್ಟು ದೊಡ್ಡದು. ಮನಿಗೆ ಬಂದು ಟೇಪ್ ಹಿಡದು ಅಳದೆ, ಟೇಬಲ್ ಕೂಡ್ತದ ಅಂತ ಖುಷಿ ಆದೆ.

ತಪ್ಪಾಗಿದ್ದು ಅಲ್ಲೇ ನೋಡ್ರಿ. ನಾ ಟೇಬಲ್ ಅಳದೆ, ಕುಂತ ಮನಿಷ್ಯಾನ್ನ ಅಳಿಲಿಲ್ಲ. 9 ಅಡಿ ಅಂದ್ರ 108 ಇಂಚು. ಟೇಬಲ್ಲಿಗೆ 42 ಹೋತು, ಉಳದಿದ್ದು 66. ಒಂದ್ ಗೋಡಿಗೆ ಸವಾ ಅಡಿ ಶೋಕೇಸು ನಿಲ್ಸಿದ್ದೆ, ಅದಕ್ಕ 15. ಇನ್ನ 51, ಎರಡೂ ಬಾಜೂಕ ಹಂಚಿದ್ರ ಇಪ್ಪತ್ತೈದು ಚಿಲ್ಲರೆ. ಕುರ್ಚಿ ಎಳದು ಒಬ್ಬರು ಕುಂತ್ರ ಟೇಬಲ್ ಅಂಚಿನಿಂದ ಕಮ್ಮೀತ್ಕಮ್ಮಿ 22 ಇಂಚು ಬೇಕು. ಅಂದ್ರ ಬೆನ್ನ ಹಿಂದ ಉಳದಿದ್ದು ಮೂರೂವರಿ ಇಂಚು, ನಾಕ್ ಬಟ್ಟಿನಷ್ಟು. ಖಾಲಿ ಕುರ್ಚಿ ಒಳಗ ದೂಡಿದಾಗ ರೂಮು ಏನ್ ಛಂದ ಕಾಣ್ತಿತ್ತು, ಫೋಟೋ ತಗದು ಎಲ್ಲಾರಿಗೂ ಕಳ್ಸಿದ್ದೆ. ಎಂಟೂ ಕುರ್ಚ್ಯಾಗ ಮಂದಿ ಕುಂತಿದ್ದು ಜಾತ್ರಿ ದಿನ ಮೊದಲ್ನೇ ಸಲ.

ಹೋಳಿ ಆದ ಐದನೇ ದಿನಕ್ಕ ಶರಣಬಸವೇಶ್ವರ ಜಾತ್ರಿ, ಊರ ಕಡಿಂದ ಎಲ್ಲಾರೂ ಬರ್ತಾರ. ನಮ್ಮ ಸೋದರಮಾವ ಬಂದಿದ್ರು, ಮೊಣಕಾಲ ಆಪರೇಷನ್ ಆಗ್ಯದ, ಶುಗರ್ ಅದ. ದೊಡ್ಡೋರು ಅಂತ ಒಳಗಿನ ಮೂಲ್ಯಾಗ, ಫ್ಯಾನ್ ಗಾಳಿ ಛಲೋ ಬರೋ ಕಡೆ ಕುಂದರ್ಸಿದೆ. ಆಮ್ಯಾಲ ಉಳದೋರು ಕುಂತ್ರು, ಅವ್ರಿಗೆ ದಾರಿ ಬಂದ್.

ನಮ್ ಕಡೆ ಊಟ ಹೆಂಗಂತ ನಿಮಗ ಗೊತ್ತದ. ಪಲ್ಯಾ ಬಟ್ಟಲ ಟೇಬಲ್ ನಡು ಇಟ್ಟು ನೀವೇ ಹಾಕ್ಕೋರಿ ಅಂದ್ರ ಅದು ಊಟಕ್ಕ ಕರದಂಗ ಅಲ್ಲ. ರೊಟ್ಟಿ ಹಂಚಿನ ಮ್ಯಾಲಿಂದ ಒಂದೊಂದೇ ಬರಬೇಕು, ಬಿಸಿ ಇರೂತನಕ ತಾಟಿಗೆ ಬೀಳಬೇಕು, ಹಿಂದಿನಿಂದ ಎಣ್ಣಿಗಾಯಿ, ಪುಂಡಿಪಲ್ಯಾ, ಶೇಂಗಾ ಹಿಂಡಿ ಹಿಡ್ಕೊಂಡು ಒಬ್ಬರು ತಿರುಗ್ತಿರಬೇಕು, ಬ್ಯಾಡ ಅಂದ್ರೂ ಇನ್ನೊಂದ್ ಹಾಕಬೇಕು. ನಮ್ಮಾಕಿ ರೊಟ್ಟಿ ಬುಟ್ಟಿ ಹಿಡ್ಕೊಂಡು ಬಾಗಲ್ದಾಗೇ ನಿಂತಳು. ರೊಟ್ಟಿ ಕೈಯಿಂದ ಕೈಗೆ ಹೋಗಿ ಮಾಮಾನ ತಾಟಿಗೆ ಮುಟ್ಟೋದ್ರಾಗ ಆರಿ ಹೋಗಿತ್ತು.

ಮೂರ್ ರೊಟ್ಟಿ ಉಣ್ಣೋ ಮನಿಷ್ಯಾ ಒಂದ್ ಉಂಡು ಸಾಕಂದ್ರು. ತಾಟ ತಗೀವಾಗ ನೋಡ್ದೆ, ಅವ್ರ ನೀರಿನ ಗ್ಲಾಸ್ ಹಾಕಿದಷ್ಟೂ ಹಂಗೇ ತುಂಬಿತ್ತು, ಕೆಳಗ ಟೇಬಲ್ ಮ್ಯಾಲ ದುಂಡಗ ತೇವ ಮೂಡಿತ್ತು. ಉಣ್ಣೋವಾಗ ನೀರು ಬಿಟ್ಟೋರಲ್ಲ ಅವ್ರು. ಸಂಜಿಗೆ ಅವ್ವ ಹೇಳಿದ್ಳು, "ನೀರು ಕುಡದ್ರ ಬಾತ್‌ರೂಮಿಗೆ ಏಳಬೇಕಾಗ್ತದ, ನಾ ಎದ್ರ ಮೂರ್ ಮಂದಿ ಉಣ್ಣೋದು ಬಿಟ್ಟು ಏಳಬೇಕು" ಅಂದ್ರಂತ. ನನಗ ಅವತ್ತ್ ರಾತ್ರಿ ನಿದ್ದಿ ಬರ್ಲಿಲ್ಲ.

ಟೇಬಲ್ ಅರ್ಧಾ ರೇಟಿಗೆ ಮಾರ್ದೆ. ಶೋಕೇಸು ಹಾಲಿಗೆ ಸರಿಸ್ದೆ. ಬಡಿಗ್ಯಾರ ಕಡಿಂದ ಸಾಗವಾನಿದು 5 ಅಡಿ ಉದ್ದ, ಎರಡೂವರಿ ಅಡಿ ಅಗಲದ್ದು ಮಾಡಿಸ್ದೆ, ಎತ್ತರ 30 ಇಂಚು, ಕುರ್ಚಿ ಸೀಟಿನ ಎತ್ತರ 18. ಗೋಡಿ ಕಡೆ ಬೆಂಚು, ಅದ್ರ ಮ್ಯಾಲ ಹುಡುಗ್ರು. ದೊಡ್ಡೋರು ಬಾಗಲ ಕಡೆ, ಎಲ್ಲಾರೂ ಕುಂತ ಮ್ಯಾಲೂ ಅವ್ರ ಹಿಂದ ಪೂರಾ 3 ಅಡಿ ದಾರಿ. ಆರ್ ಮಂದಿ ಆರಾಮ ಉಣ್ತಾರ. ಉಳದೋರಿಗೆ ಹಾಲ್‌ದಾಗ ಶಹಾಬಾದ ಫರ್ಸಿ ಮ್ಯಾಲ ಚಾಪಿ, ತಾಟು ಇಡಾಕ ಅಡ್ಡಣಿಗಿ, ಅಂದ್ರ ಸಣ್ಣ ಸ್ಟ್ಯಾಂಡು. ಬ್ಯಾಸಿಗ್ಯಾಗ 42 ಡಿಗ್ರಿ ಬಿದ್ದಾಗ ಆ ಕಲ್ಲ ತಂಪಿಗೆ ಅಲ್ಲೇ ಕುಂದರ್ತೀವಿ ಅನ್ನೋ ಮಂದೀನೇ ಜಾಸ್ತಿ. ಇಲ್ಲಂದ್ರ ಎರಡನೇ ಪಂಗತಿ ಮಾಡ್ರಿ, ಅದ್ರಾಗ ಕಮ್ಮೀತನ ಏನಿಲ್ಲ.

ಗ್ಲಾಸ್ ಯಾಕ್ ಬ್ಯಾಡ ಅಂದ್ರ, ಸ್ಟೀಲ್ ತಾಟು ಇಟ್ಟಾಗೊಮ್ಮೆ ಟಣ್ ಅಂತದ, ವಯಸ್ಸಾದೋರು ಒಡದೀತು ಅಂತ ಕೈ ಬಿಗಿ ಹಿಡೀತಾರ. ಬಿಳಿ ಲೈಟ್ ಕೆಳಗ ಅದು ಕಣ್ಣಿಗೂ ಹೊಡೀತದ, ಜರಾ ಹಳದಿ ಬಲ್ಬ್ ಹಾಕ್ರಿ. ಫ್ಯಾನು ತಾಟಿನ ನೆತ್ತಿ ಮ್ಯಾಲೇ ಇದ್ರ ಮೆತ್ತನ ರೊಟ್ಟಿ ಖಡಕ್ ಆಗ್ತದ, ಗೋಡಿ ಫ್ಯಾನ್ ಛಲೋ. ಕರ್ಟನ್ ಬಣ್ಣ ನಿಮಗ ತಿಳದಂಗ ಮಾಡ್ರಿ.

ಟೇಬಲ್ ತರೋಕಿಂತ ಮೊದ್ಲ ನೆಲದ ಮ್ಯಾಲ ಅದ್ರ ಅಳತಿಗೆ ಹಳೇ ಪೇಪರ್ ಹಾಸ್ರಿ, ಸುತ್ತ ಮನ್ಯಾಗಿನ ಕುರ್ಚಿ ಇಟ್ಟು ಮನಿ ಮಂದೀನ್ನೇ ಕುಂದರ್ಸ್ರಿ, ನೀವು ಬುಟ್ಟಿ ಹಿಡ್ಕೊಂಡು ಒಂದ್ ಸುತ್ತು ಹೊಡೀರಿ. ಯಾರಿಗಾದ್ರೂ "ಜರಾ ಸರೀರಿ" ಅನ್ಬೇಕಾತು ಅಂದ್ರ ಟೇಬಲ್ ದೊಡ್ಡದಾತು. ರೂಮಿನ ಅಳತಿ ಬರೀರಿ, ಅಡಗಿಮನಿ ಬಾಗಲ ಯಾವ ಕಡೆ ಅದ ಅನ್ನೋದೂ ಬರೀರಿ, ಟೇಬಲ್ ಎಷ್ಟರದು ಬೇಕಂತ ನಾ ಲೆಕ್ಕ ಹಾಕಿ ಹೇಳ್ತೀನಿ.