ಪಿಸಿಯ ವಾಟರ್ ಕೂಲಿಂಗ್‌ಗೆ ನೀರು ತುಂಬಿಸಿ ಸೋರಿಕೆ ನೋಡಲು, ಮದರ್‌ಬೋರ್ಡ್‌ಗೆ ಕರೆಂಟ್ ಕೊಡದೆ ಕೂಲಿಂಗ್ ಪಂಪ್ ಮಾತ್ರ ಓಡಿಸುವುದು ಹೇಗೆ?

ಪವರ್ ಸಪ್ಲೈನ ಹಿಂದಿನ ಸ್ವಿಚ್ ಆಫ್ ಮಾಡಿ, ಮದರ್‌ಬೋರ್ಡ್‌ನ 24 ಪಿನ್, ಸಿಪಿಯು, ಗ್ರಾಫಿಕ್ಸ್ ಕಾರ್ಡ್, ಡ್ರೈವ್‌ಗಳ ಕೇಬಲ್ ಎಲ್ಲ ಕಳಚಿ. 24 ಪಿನ್ ಕಳಚದೆ ಹಾಗೇ ಬಿಟ್ಟರೆ ಪಿಸಿ ಆಫ್ ಇದ್ದಾಗಲೂ ಬೋರ್ಡ್‌ನಲ್ಲಿ 5 ವೋಲ್ಟ್ ಸ್ಟ್ಯಾಂಡ್‌ಬೈ ಇರುತ್ತದೆ. ಅದರ ಮೇಲೆ ನೀರು ಬಿದ್ದರೆ ಕಥೆ ಮುಗಿಯಿತು. ಪಂಪ್‌ಗೆ ಕರೆಂಟ್ ಕೊಡುವ ಮೊಲೆಕ್ಸ್ ಅಥವಾ ಸಾಟಾ ಕೇಬಲ್ ಒಂದೇ ಉಳಿಯಲಿ. ಡಿ5 ಮಾದರಿಯ ಪಂಪ್ 20 ವ್ಯಾಟ್ ದಾಟಿ ಎಳೆಯಬಲ್ಲದು, ಬೋರ್ಡ್‌ನಲ್ಲಿ ಫ್ಯಾನ್ ಸಿಕ್ಕಿಸುವ 1 ಆಂಪಿಯರ್‌ನ ಫ್ಯಾನ್ ಹೆಡರ್ ಅದಕ್ಕೆ ಸಾಲದು.

ಇನ್ನು 24 ಪಿನ್ ಪ್ಲಗ್‌ನಲ್ಲಿ 16ನೇ ಪಿನ್ನನ್ನು (ಹಸಿರು ತಂತಿ) ಪಕ್ಕದ ಕಪ್ಪು ತಂತಿಗೆ ಸೇರಿಸಿದರೆ ಸಪ್ಲೈ ಆನ್ ಆಗುತ್ತದೆ. ಈಗಿನ ಕೇಬಲ್‌ಗಳಲ್ಲಿ ಎಲ್ಲ ತಂತಿಯೂ ಕಪ್ಪೇ. ಎಣಿಸಿ ಪೇಪರ್ ಕ್ಲಿಪ್ ಚುಚ್ಚುವ ಸಾಹಸ ಬೇಡ, ಮುಂಬೈನ ಲ್ಯಾಮಿಂಗ್ಟನ್ ರೋಡ್‌ನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ, ಆ ಎರಡು ಪಿನ್ ಸೇರಿಸುವ ಎಟಿಎಕ್ಸ್ ಜಂಪರ್ ಪ್ಲಗ್ ಕೇಳಿ. ಸಪ್ಲೈ ಫ್ಯಾನ್ ತಿರುಗದಿದ್ದರೆ ಗಾಬರಿ ಬೇಡ, ಕಡಿಮೆ ಲೋಡ್‌ನಲ್ಲಿ ಕೆಲವು ಹಾಗೇ ಸುಮ್ಮನಿರುತ್ತವೆ.

ರಿಸರ್ವಾಯರ್ (ಕೂಲಿಂಗ್ ದ್ರವದ ತೊಟ್ಟಿ) ತುಂಬಿಸಿ ಸ್ವಿಚ್ ಹಾಕಿ. ಮಟ್ಟ ಸರ್ರನೆ ಇಳಿಯುತ್ತದೆ, ಎರಡು ಮೂರು ಸೆಕೆಂಡ್ ಸಾಕು. ಪಂಪ್‌ನ ಬಾಯಿ ಕಾಣುವ ಮೊದಲೇ ಆಫ್ ಮಾಡಿ, ಮತ್ತೆ ತುಂಬಿ. ಬೇರಿಂಗ್‌ಗೆ ಆ ದ್ರವವೇ ಎಣ್ಣೆ. ಒಣಗಿ ಓಡಿದರೆ ಕರಕರ ಸದ್ದು ಶುರು. ಮಟ್ಟ ನಿಂತ ಮೇಲೆ ಕೇಸನ್ನು ಅತ್ತಿತ್ತ ವಾಲಿಸಿ ಗಾಳಿಗುಳ್ಳೆ ಬಿಡಿಸಿ.

ಪ್ರತಿ ಫಿಟ್ಟಿಂಗ್ (ಪೈಪ್ ಕೂಡುವ ಜಾಗ) ಕೆಳಗೆ ಟಿಶ್ಯೂ ಇಟ್ಟು ಕೆಲವು ಗಂಟೆ ಓಡಿಸಿ. ಮುಂಬೈ ಮಳೆಗಾಲದಲ್ಲಿ ಟಿಶ್ಯೂ ತಾನಾಗಿಯೇ ಮೆತ್ತಗಾಗುತ್ತದೆ, ಹಾಗಾಗಿ ಮುಟ್ಟಿ ನಂಬಬೇಡಿ, ಹನಿ ಬಿದ್ದ ಗುಂಡನೆಯ ಕಲೆ ಹುಡುಕಿ. ಅದು ಕಾಣದಿದ್ದರೆ ಸ್ವಿಚ್ ಆಫ್ ಮಾಡಿ, ಜಂಪರ್ ತೆಗೆದು ಕೇಬಲ್‌ಗಳನ್ನು ಸೇರಿಸಿ.