ಕಿಟಕಿಯ ಮೇಲಿನ ಲೋಟ

ವಿಜಯನಗರದಿಂದ ನೀವು ಬರೆದ ಪತ್ರ ಮೂರು ದಿನದಿಂದ ನನ್ನ ಮೇಜಿನ ಮೇಲಿದೆ. ಎರಡು ಸಲ ಉತ್ತರ ಬರೆದು ಹರಿದು ಹಾಕಿದೆ. ಮೊದಲನೆಯದರಲ್ಲಿ ಸಿಟ್ಟು ಹೆಚ್ಚಾಗಿತ್ತು, ಎರಡನೆಯದರಲ್ಲಿ ಉಪದೇಶ ಹೆಚ್ಚಾಗಿತ್ತು. ಈ ಸಲ ನೇರವಾಗಿ ಹೇಳುತ್ತೇನೆ.

ಓದುಗರಿಗಾಗಿ ವಿಷಯವನ್ನು ನಾಲ್ಕು ಮಾತಿನಲ್ಲಿ ಇಡುತ್ತೇನೆ. ನಿಮ್ಮ ಮಗಳಿಗೆ ಹನ್ನೆರಡು ವರ್ಷ, ಏಳನೇ ತರಗತಿ. ಎಲ್‌.ಕೆ.ಜಿ.ಯಿಂದಲೂ ಕ್ಯಾಥೊಲಿಕ್ ಸಿಸ್ಟರ್‌ಗಳು ನಡೆಸುವ ಕಾನ್ವೆಂಟ್‌ನಲ್ಲಿ ಓದುತ್ತಿದ್ದಾಳೆ. ಊಟಕ್ಕೆ ಕುಳಿತಾಗ ಕಣ್ಣು ಮುಚ್ಚಿ ಇಂಗ್ಲಿಷ್‌ನಲ್ಲಿ ಎರಡು ಸಾಲು ಪ್ರಾರ್ಥನೆ ಹೇಳುತ್ತಾಳೆ. ಮಗುವನ್ನು ಮತಾಂತರ ಮಾಡಿಬಿಡುತ್ತಾರೆ ಎಂದು ನಿಮ್ಮ ಅತ್ತೆಯವರು ಹಟ ಹಿಡಿದಿದ್ದಾರೆ. ಮಾರ್ಚ್‌ ಮುಗಿಯುತ್ತಿದ್ದಂತೆ ಟಿ.ಸಿ. ತಂದು ಬೇರೆ ಶಾಲೆಗೆ ಸೇರಿಸೋಣ ಎನ್ನುತ್ತಾರೆ ನಿಮ್ಮ ಯಜಮಾನರು. ಮಗಳು ಅಳುತ್ತಿದ್ದಾಳೆ. ಶಾಲೆ ಬದಲಿಸಬೇಕೇ, ಬೇಡವೇ ಎಂದು ನೀವು ಕೇಳಿದ್ದೀರಿ.

ಆದರೆ ಪತ್ರದ ಮೂರನೇ ಪುಟದ ಕೆಳಗೆ, ಜಾಗ ಸಾಲದೆ ಅಂಚಿನಲ್ಲಿ ಬರೆದ ಒಂದು ಮಾತಿದೆ: ‘ಈಗೀಗ ಹಠವೂ ಜಾಸ್ತಿಯಾಗಿದೆ. ದೀಪಾವಳಿಯ ಮಾರನೆಯ ವಾರ ಗೀತಮ್ಮನ ಲೋಟವನ್ನು ಕಿಟಕಿಯಿಂದ ತೆಗೆದು ನಮ್ಮ ಲೋಟಗಳ ಜೊತೆ ಇಟ್ಟುಬಿಟ್ಟಳು. ಅಂದು ಮನೆಯಲ್ಲಿ ದೊಡ್ಡ ರಾದ್ಧಾಂತ.’

ಇದು ಅಂಚಿನಲ್ಲಿ ಬರೆಯುವ ಮಾತಲ್ಲ. ಪತ್ರ ಶುರುವಾಗಬೇಕಾದದ್ದೇ ಇಲ್ಲಿಂದ.

ದಿನಗಳ ಲೆಕ್ಕವನ್ನು ನೀವೇ ಕೊಟ್ಟಿದ್ದೀರಿ, ಕೂಡಿಸಿ ನೋಡಿ. ಆ ಊಟದ ಪ್ರಾರ್ಥನೆ ಹೊಸದಲ್ಲ. ಯು.ಕೆ.ಜಿ.ಯಲ್ಲಿದ್ದಾಗ ನೆಂಟರ ಮುಂದೆ ಅದನ್ನೇ ಹೇಳಿಸಿ ಚಪ್ಪಾಳೆ ತಟ್ಟಿದವರು ನೀವು. ಮಗನಿಗೆ ಕಾಮಾಲೆಯಾದಾಗ ನಿಮ್ಮ ಅತ್ತೆಯವರು ವಿವೇಕನಗರದ ಬಾಲ ಯೇಸುವಿಗೆ ಹರಕೆ ಹೊತ್ತು, ಗುರುವಾರದ ಸಾಲಿನಲ್ಲಿ ನಿಂತು ಮೇಣದಬತ್ತಿ ಹಚ್ಚಿ ಬಂದವರು. ಬೆಂಗಳೂರಿನಲ್ಲಿ ಇದು ಸೋಜಿಗವೇನೂ ಅಲ್ಲ. ಅಲ್ಲಿಗೆ ಹೋದರೆ ಹಣೆಯಲ್ಲಿ ಕುಂಕುಮ, ಮುಡಿಯಲ್ಲಿ ಮಲ್ಲಿಗೆ ಇರುವ ಎಷ್ಟೋ ಮಂದಿ ಕಾಣುತ್ತಾರೆ. ಹಾಗಿರುವಾಗ ಮತಾಂತರದ ಭಯ ನಿಮ್ಮ ಮನೆಯೊಳಗೆ ಕಾಲಿಟ್ಟದ್ದು ಯಾವಾಗ? ಲೋಟ ಜಾಗ ಬದಲಿಸಿದ ಮೇಲೆ. ಅದಕ್ಕೆ ಒಂದು ದಿನ ಮುಂಚೆಯೂ ಅಲ್ಲ.

ಇನ್ನೊಂದು ಸಂಗತಿಯನ್ನೂ ನೀವು ಹಗುರವಾಗಿ ಹೇಳಿ ಮುಂದೆ ಹೋಗಿದ್ದೀರಿ. ಆ ವಾರ ಮಾರಲ್ ಸೈನ್ಸ್ ನೋಟ್‌ಬುಕ್ಕಿನಲ್ಲಿ ಒಂದು ಮನೆಗೆಲಸ ಇತ್ತು, ‘ಎಂದಿನಂತೆ ಸಹಿ ಹಾಕಿ ಕಳಿಸಿದೆ’ ಎಂದಿದ್ದೀರಿ. ರಾದ್ಧಾಂತ ಆದ ಮೇಲೆ ತೆರೆದು ನೋಡಿದರೆ ಏಳು ಕೆಲಸಗಳ ಪಟ್ಟಿ, ಅದರಲ್ಲಿ ಒಂದನ್ನು ಆರಿಸಿ ಈ ವಾರ ಮಾಡಿ ಎಂಬ ಸೂಚನೆ, ಎರಡನೆಯದರ ಕೆಳಗೆ ಕೆಂಪು ಗೆರೆ, ಪುಟದ ಕೊನೆಯಲ್ಲಿ ನಿಮ್ಮದೇ ಸಹಿ. ಮಕ್ಕಳ ಪುಸ್ತಕವನ್ನು ಓದದೆ ಸಹಿ ಹಾಕಬೇಡಿ ಎಂದು ಈ ಅಂಕಣದಲ್ಲಿ ಬರೆದು ಬರೆದು ನನಗೆ ಸಾಕಾಗಿದೆ. ಇನ್ನೂ ಬರೆಯುತ್ತೇನೆ.

ಆ ಏಳು ಏನೆಂದು ಎಲ್ಲ ತಂದೆತಾಯಿಯರೂ ತಿಳಿದುಕೊಳ್ಳಲಿ. ಹಸಿದವರಿಗೆ ಅನ್ನ, ಬಾಯಾರಿದವರಿಗೆ ನೀರು, ಬಟ್ಟೆಯಿಲ್ಲದವರಿಗೆ ಬಟ್ಟೆ, ನೆಲೆಯಿಲ್ಲದವರಿಗೆ ಆಸರೆ, ರೋಗಿಗಳ ಭೇಟಿ, ಸೆರೆಯಲ್ಲಿರುವವರ ಭೇಟಿ, ಸತ್ತವರಿಗೆ ಮಣ್ಣು. ಕ್ಯಾಥೊಲಿಕರು ಇವನ್ನು ದಯೆಯ ಕಾರ್ಯಗಳು ಎನ್ನುತ್ತಾರೆ. ಮೊದಲ ಆರಕ್ಕೆ ಮೂಲ ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯ, ಏಳನೆಯದು ಆಮೇಲೆ ಸೇರಿದ್ದು. ಸಾಮಾನ್ಯವಾಗಿ ಇಂಥ ಶಾಲೆಗಳಲ್ಲಿ ಒಂದು ಪೀರಿಯಡ್‌ಗೆ ಮಕ್ಕಳು ಎರಡು ಗುಂಪಾಗುತ್ತಾರೆ. ಕ್ಯಾಥೊಲಿಕ್ ಮಕ್ಕಳು ಧರ್ಮೋಪದೇಶದ ತರಗತಿಗೆ ಹೋಗಿ ಏಳು ಸಂಸ್ಕಾರಗಳು, ಹತ್ತು ಕಟ್ಟಳೆಗಳು, ಬಲಿಪೂಜೆಯ ಅರ್ಥ, ಸಂತರ ಜೀವನ ಇವನ್ನೆಲ್ಲ ಕಲಿಯುತ್ತಾರೆ. ಉಳಿದ ಮಕ್ಕಳಿಗೆ ಮಾರಲ್ ಸೈನ್ಸ್. ಅಲ್ಲಿ ಸುಳ್ಳು, ಸ್ನೇಹ, ಸಿಟ್ಟು, ಪರಿಸರ, ಪಕ್ಕದವರ ಕಷ್ಟ ಇಂಥವೇ ಪಾಠ. ನಿಮ್ಮ ಮಗಳು ಇರುವುದು ಎರಡನೆಯ ಗುಂಪಿನಲ್ಲಿ.

ಇಷ್ಟಾದ ಮೇಲೂ ಪ್ರಾರ್ಥನೆಯ ಬಗ್ಗೆ ಮನಸ್ಸು ಒಪ್ಪದಿದ್ದರೆ ಅದಕ್ಕೆ ದಾರಿ ಇದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಯಾವುದೇ ಶಾಲೆ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೋ ಪೂಜೆಗೋ ಕೂರಿಸುವಂತಿಲ್ಲ. ಸಂವಿಧಾನದ 28ನೇ ವಿಧಿಯ ಮೂರನೇ ಉಪವಿಧಿ ಹೇಳುವುದು ಇದನ್ನೇ. ಅನ್ಯಧರ್ಮದ ಮಕ್ಕಳ ಮೇಲೆ ಕ್ರೈಸ್ತ ಸಂಪ್ರದಾಯಗಳನ್ನು ಹೇರಬೇಡಿ, ಬೆಳಗಿನ ಪ್ರಾರ್ಥನಾ ಸಭೆಯಲ್ಲಿ ಸಂವಿಧಾನದ ಪೀಠಿಕೆಯನ್ನು ಓದಿಸಿ ಎಂದು ಭಾರತದ ಕ್ಯಾಥೊಲಿಕ್ ಬಿಷಪ್‌ಗಳ ಮಂಡಳಿಯೂ 2024ರಲ್ಲಿ ತನ್ನ ಶಾಲೆಗಳಿಗೆ ಸೂಚಿಸಿದೆ. ಒಂದು ಚೀಟಿ ಬರೆದು ಪ್ರಿನ್ಸಿಪಾಲರಿಗೆ ಕೊಟ್ಟರೆ ತೀರಿತು. ಅದಕ್ಕೆ ಟಿ.ಸಿ. ಬೇಕಾಗಿಲ್ಲ.

ಲೋಟಕ್ಕೆ ಬರೋಣ.

ನನ್ನ ಅಜ್ಜಿಯ ಮನೆ ತಿಪಟೂರಿನ ಹತ್ತಿರದ ಹಳ್ಳಿಯಲ್ಲಿತ್ತು. ಬೇಸಿಗೆ ರಜೆಗೆ ಹೋದಾಗ ಕಾಯಿ ಸುಲಿಯಲು ಒಬ್ಬ ಹಿರಿಯರು ಬರುತ್ತಿದ್ದರು. ಮಧ್ಯಾಹ್ನ ಜಗಲಿಯ ಕೆಳಗೆ ಕುಕ್ಕರುಗಾಲಿನಲ್ಲಿ ಕುಳಿತು ಬೊಗಸೆ ಒಡ್ಡುತ್ತಿದ್ದರು. ಜಗಲಿಯ ಮೇಲೆ ನಿಂತು ಚೊಂಬಿನಿಂದ ನೀರು ಹುಯ್ಯುವುದು ನನ್ನ ಕೆಲಸ. ಚೊಂಬು ಕೈಗೆ ತಾಗಬಾರದು, ಮೇಲಿನಿಂದ ಸಣ್ಣ ಧಾರೆಯಾಗಿ ಬಿಡಬೇಕು ಎಂದು ಅಜ್ಜಿ ಹೇಳಿಕೊಟ್ಟಿದ್ದರು. ನೀರು ಅವರ ಮೊಣಕೈಯಿಂದ ಇಳಿದು ಮಣ್ಣಿಗೆ ಬೀಳುತ್ತಿತ್ತು. ಸಾಕಾದಾಗ ಅವರು ಬಾಯಿ ತೆಗೆಯದೆ ತಲೆಯಾಡಿಸುತ್ತಿದ್ದರು. ಧಾರೆ ಒಂದಿಷ್ಟೂ ಅತ್ತಿತ್ತ ಹೋಗದಂತೆ ಹುಯ್ಯಬಲ್ಲೆ ಎಂಬ ಹೆಮ್ಮೆ ನನಗಿತ್ತು. ಆಗ ನನಗೆ ಹತ್ತು ವರ್ಷ. ನಾನು ಓದುತ್ತಿದ್ದ ಶಾಲೆಯಲ್ಲಿ ಒಳ್ಳೆಯ ಮೇಷ್ಟ್ರುಗಳಿದ್ದರು, ಒಳ್ಳೆಯ ಪದ್ಯಗಳನ್ನು ಬಾಯಿಪಾಠ ಮಾಡಿಸಿದರು. ಆದರೆ ಆ ಚೊಂಬಿನ ಬಗ್ಗೆ ಒಂದು ಮಾತನ್ನೂ ಯಾರೂ ಹೇಳಲಿಲ್ಲ. ಅದು ನನಗೆ ಹೊಳೆಯುವ ಹೊತ್ತಿಗೆ ಆ ಹಿರಿಯರು ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ನಿಮ್ಮ ಮಗಳಿಗೆ ಹನ್ನೆರಡಕ್ಕೇ ಹೊಳೆದಿದೆ. ಅಂಥ ಶಾಲೆಯಿಂದ ಅವಳನ್ನು ಬಿಡಿಸಲು ಹೊರಟಿದ್ದೀರಿ.

ಇದನ್ನು ಅವಳಿಗೆ ಸಿಸ್ಟರ್‌ಗಳೇ ಕಲಿಸಿರಬೇಕೆಂದೂ ಇಲ್ಲ. ಅಸ್ಪೃಶ್ಯತೆಯನ್ನು ರದ್ದುಮಾಡಿದ ಸಂವಿಧಾನದ 17ನೇ ವಿಧಿಯನ್ನು ಮಕ್ಕಳು ಸಮಾಜ ವಿಜ್ಞಾನದ ಪಾಠದಲ್ಲೂ ಓದುತ್ತಾರೆ. ನೀವು ಆರಿಸುವ ಹೊಸ ಶಾಲೆಯಲ್ಲಿ ಅದು ಇರುವುದಿಲ್ಲವೇ? ಹಾಗೆಂದು ಆ ಶಾಲೆಗೆ ನಾನು ಪ್ರಶಸ್ತಿಪತ್ರ ಬರೆದುಕೊಡುತ್ತಿಲ್ಲ. ತಮ್ಮ ಸಭೆಯೊಳಗೇ ದಲಿತರ ಮೇಲೆ ತಾರತಮ್ಯ ನಡೆಯುತ್ತಿದೆ ಎಂದು ಬಿಷಪ್‌ಗಳ ಮಂಡಳಿಯೇ 2016ರಲ್ಲಿ ತನ್ನ ನೀತಿಪತ್ರದಲ್ಲಿ ಒಪ್ಪಿಕೊಂಡಿದೆ. ನಿಮ್ಮ ಮಗಳು ಒಂದು ದಿನ ಅದನ್ನೂ ಓದುತ್ತಾಳೆ, ಸಿಸ್ಟರ್‌ಗಳನ್ನು ಪ್ರಶ್ನಿಸುತ್ತಾಳೆ. ಪ್ರಶ್ನಿಸಲಿ.

ಅತ್ತೆಯವರ ಬಗ್ಗೆ ನೀವು ಬರೆದ ರೀತಿ ನನಗೆ ಹಿಡಿಸಲಿಲ್ಲ. ಎಪ್ಪತ್ತು ವರ್ಷ ಯಾರೂ ಬೇರೆ ಹೇಳಿಕೊಡದೆ ಇದ್ದದ್ದನ್ನು ಹನ್ನೆರಡು ವರ್ಷದ ಮೊಮ್ಮಗಳು ಒಂದು ಸಂಜೆ, ಎಲ್ಲರ ಎದುರು, ಮಾತಿಲ್ಲದೆ ಹೇಳಿಬಿಟ್ಟಳು. ತಾನು ಎತ್ತಿ ಆಡಿಸಿದ ಮಗುವಿನ ಕಣ್ಣಿನಲ್ಲಿ ತಾನು ಕೆಟ್ಟವಳಾಗಿಬಿಟ್ಟೆ ಎಂದು ಆ ಜೀವಕ್ಕೆ ಅನ್ನಿಸಿರಬೇಕು. ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆ? ‘ಮತಾಂತರ’ ಎಂಬ ಮಾತು ಕೈಗೆ ಸಿಕ್ಕಿತು, ಹಿಡಿದುಕೊಂಡರು.

ನನ್ನ ಸಿಟ್ಟೆಲ್ಲ ನಿಮ್ಮ ಯಜಮಾನರ ಮೇಲೆ. ‘ಅಮ್ಮನಿಗೆ ವಯಸ್ಸಾಯಿತು, ಹೊಂದಿಕೊಂಡು ಹೋಗು’ ಎಂದರಂತೆ. ಅವರು ಅದೇ ಅಡುಗೆಮನೆಯಲ್ಲಿ ಬೆಳೆದವರು. ಓದಿದವರು. ಕಚೇರಿಯಲ್ಲಿ ಯಾರ ಪಕ್ಕ ಕುಳಿತು ಊಟ ಮಾಡುತ್ತಾರೋ, ಯಾರ ಡಬ್ಬಿಯಿಂದ ಪಲ್ಯ ಹಾಕಿಸಿಕೊಳ್ಳುತ್ತಾರೋ ಅವರಿಗೇ ಗೊತ್ತು. ಮನೆಯ ಕಿಟಕಿಯ ಮೇಲಿನ ಲೋಟ ಮಾತ್ರ ಇಷ್ಟು ವರ್ಷ ಅವರ ಕಣ್ಣಿಗೆ ಬೀಳಲೇ ಇಲ್ಲ. ಲೋಟವನ್ನು ಕಿಟಕಿಯಿಂದ ಕಪಾಟಿಗೆ ಸರಿಸುವುದಕ್ಕಿಂತ ಮಗಳನ್ನು ಶಾಲೆಯಿಂದ ಶಾಲೆಗೆ ಸರಿಸುವುದೇ ಸುಲಭವಾಗಿ ಕಂಡಿತು. ತಾಯಿಯ ಹತ್ತಿರ ಕುಳಿತು ಮಾತನಾಡಬೇಕಾದ ಮಗ ಅವರು. ಆ ಕೆಲಸ ಅವರದು, ಮಗುವಿನದಲ್ಲ. ಈ ಅಂಕಣವನ್ನು ಅವರಿಗೂ ಓದಲು ಕೊಡಿ.

ಶಾಲೆ ಬದಲಿಸಬೇಡಿ. ನಿಮ್ಮ ಪ್ರಶ್ನೆಗೆ ಉತ್ತರ ಅಷ್ಟೇ.

ಆದರೆ ಒಂದು ಕೆಲಸ ಮಾಡಬೇಕು. ಆ ಲೋಟ ಮತ್ತೆ ಕಿಟಕಿಗೆ ಹೋಗಿದೆ ಎಂದಿದ್ದೀರಿ, ಯಾರು ಇಟ್ಟರೆಂದು ಬರೆದಿಲ್ಲ. ನೀವೇ ಇಟ್ಟಿರಬೇಕೆಂದು ನನ್ನ ಊಹೆ. ಹಾಗಾಗಿ ತೆಗೆಯಬೇಕಾದವರೂ ನೀವೇ. ಮಗಳ ಕೈಯಲ್ಲಿ ಮಾಡಿಸಬೇಡಿ. ಅವಳು ಒಮ್ಮೆ ಮಾಡಿ ಬೈಸಿಕೊಂಡಿದ್ದಾಳೆ. ಅವಳ ಶಾಲೆಯಲ್ಲಿ ಕಲಿಸುವ ಹತ್ತು ಕಟ್ಟಳೆಗಳಲ್ಲಿ ನಾಲ್ಕನೆಯದು ತಂದೆತಾಯಿಯನ್ನು ಗೌರವಿಸು ಎಂಬುದು. ಅಜ್ಜಿಗೂ ಗೀತಮ್ಮನಿಗೂ ನಡುವೆ ಅವಳನ್ನು ಇನ್ನೊಮ್ಮೆ ನಿಲ್ಲಿಸಬೇಡಿ.

ನಾಳೆ ಬೆಳಿಗ್ಗೆ ಗೀತಮ್ಮ ಬರುವ ಮೊದಲು ಆ ಲೋಟವನ್ನು ತೊಳೆದು ಒರೆಸಿ ನಿಮ್ಮ ಲೋಟಗಳ ಸಾಲಿನಲ್ಲಿ, ಮುಂದೆ ಅಲ್ಲ, ನಡುವೆ ಎಲ್ಲೋ ಇಡಿ. ಯಾರಿಗೂ ಏನೂ ಹೇಳಬೇಡಿ. ಅತ್ತೆಯವರಿಗೆ ಮೊದಲ ಡಿಕಾಕ್ಷನ್‌ನ ಕಾಫಿ ಕೊಡಿ, ಅದರಲ್ಲಿ ಕೊರತೆಯಾಗದಿರಲಿ. ಆಮೇಲೆ ಕೈಗೆ ಸಿಕ್ಕ ಎರಡು ಲೋಟ ತೆಗೆದು ಒಂದನ್ನು ಗೀತಮ್ಮನಿಗೆ ಕೊಟ್ಟು, ಇನ್ನೊಂದನ್ನು ಹಿಡಿದು ಅವರ ಎದುರೇ ಕುಳಿತು ಕುಡಿಯಿರಿ. ಅವರು ಅಭ್ಯಾಸಬಲದಿಂದ ನೆಲದ ಮೇಲೆ ಕುಳಿತರೆ ನೀವೂ ನೆಲದ ಮೇಲೆಯೇ ಕೂರಿ. ಒಂಬತ್ತು ವರ್ಷದಿಂದ ಅವರು ನಿಮ್ಮ ಮನೆಗೆ ಬರುತ್ತಿದ್ದಾರೆ. ಸಕ್ಕರೆ ಎಷ್ಟು ಹಾಕಲಿ ಎಂದು ಕೇಳಿ.